ಒಂದು ಸಾವಿಗೆ ಇಪ್ಪತ್ತು ಗಂಟೆ

2007ರಲ್ಲಿ ಡೆನ್ಮಾರ್ಕಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಡಿಆರ್ ಒಂದೇ ಒಂದು ಕೊಲೆಯ ಕಥೆಗೆ 20 ಕಂತುಗಳನ್ನು ಎತ್ತಿಟ್ಟಿತು. ಸೋರೆನ್ ಸ್ವೈಸ್ಟ್ರುಪ್ ಸೃಷ್ಟಿಸಿದ ಆ ಧಾರಾವಾಹಿಯ ಹೆಸರು ‘ಫೋರ್‌ಬ್ರೂಡೆಲ್ಸೆನ್’. ಹೊರಜಗತ್ತು ಅದನ್ನು ‘ದಿ ಕಿಲ್ಲಿಂಗ್’ ಎಂದು ಬಲ್ಲದು. ಒಂದು ಕಂತು ಎಂದರೆ ತನಿಖೆಯ ಒಂದು ದಿನ. ಕೋಪನ್‌ಹೇಗನ್ ಹೊರವಲಯದ ನೀರಿನಿಂದ ಪೊಲೀಸರು ಕಾರೊಂದನ್ನು ಎತ್ತುತ್ತಾರೆ; ಅದರ ಡಿಕ್ಕಿಯಲ್ಲಿ ಹತ್ತೊಂಬತ್ತರ ಹುಡುಗಿ ನಾನ್ನಾಳ ಶವ. ಅಲ್ಲಿಗೆ ಧಾವಿಸಿದ ತಂದೆ ಥೈಸ್ ಹೆಂಡತಿಯೊಂದಿಗೆ ಫೋನಿನಲ್ಲಿರುತ್ತಾನೆ, ಕರೆ ಕಡಿದಿರುವುದಿಲ್ಲ. ಮನೆಯಲ್ಲಿರುವ ಪೆರ್ನಿಲ್ಲೆಗೆ ಮಗಳು ಸತ್ತ ಸುದ್ದಿಯನ್ನು ಯಾರೂ ಹೇಳುವುದಿಲ್ಲ. ಗಂಡನ ಕೂಗು ಕಿವಿಗೆ ಬೀಳುತ್ತದೆ, ಅಷ್ಟೆ.

ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಸತ್ತವರ ಮನೆಯವರಿಗೆ ಒಂದು ದೃಶ್ಯ ಸಿಗುತ್ತದೆ. ಬಾಗಿಲು ತೆರೆಯುತ್ತಾರೆ, ಅಳುತ್ತಾರೆ, ಒಂದು ಸುಳಿವು ಕೊಟ್ಟು ಮರೆಯಾಗುತ್ತಾರೆ. ಇಲ್ಲಿ ಅವರು ಮರೆಯಾಗುವುದೇ ಇಲ್ಲ. ಅಂತ್ಯಕ್ರಿಯೆಗೆ ಸಿದ್ಧತೆಯಾಗಬೇಕು. ಏನಾಗಿದೆಯೆಂದು ಪೂರ್ತಿ ಅರ್ಥವಾಗದ ಇಬ್ಬರು ಚಿಕ್ಕ ಗಂಡುಮಕ್ಕಳಿಗೆ ಊಟ ಬಡಿಸಬೇಕು. ಮನೆಯವರನ್ನು ಬೆರಗುಗೊಳಿಸಲು ಥೈಸ್ ಗುಟ್ಟಾಗಿ ಕೊಂಡಿದ್ದ ಹೊಸ ಮನೆಯ ಸಾಲ ಹಾಗೇ ನಿಂತಿದೆ. ಸಾಮಾನು ಸಾಗಿಸುವ ಅವನ ವ್ಯವಹಾರ ನಿಂತರೆ ಕೆಲಸಗಾರರ ಗತಿಯೇನು? ಕಂತಿನ ಮೇಲೆ ಕಂತು ಉರುಳುತ್ತದೆ, ಅಡುಗೆಮನೆಯಲ್ಲಿ ದುಃಖ ಬೇರೆ ಬೇರೆ ರೂಪ ತಾಳುತ್ತದೆ: ಮಂಕು, ಸಿಟ್ಟು, ಗಂಡಹೆಂಡಿರ ನಡುವಿನ ಮೌನ, ಸೇಡಿನ ಹಂಬಲ. ಸ್ಕ್ಯಾಂಡಿನೇವಿಯಾದ ಅಪರಾಧ ಧಾರಾವಾಹಿಗಳ ಬಗ್ಗೆ ಜಗತ್ತಿನ ವೀಕ್ಷಕರಲ್ಲಿ ಹುಟ್ಟಿದ ಅಕ್ಕರೆಯ ಬೇರು ಈ ಅಡುಗೆಮನೆಯಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ. ಈ ಪರಂಪರೆ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂದು ಅಳೆಯಲು ನಾನು ಬಳಸುವ ಅಳತೆಗೋಲೂ ಅದೇ: ಸತ್ತವರಿಗೆ ಕಥೆ ಎಷ್ಟು ಸಮಯ ಕೊಡುತ್ತದೆ?

2011ರಲ್ಲಿ ಬಿಬಿಸಿ ಫೋರ್ ಇದನ್ನು ಡ್ಯಾನಿಶ್ ಭಾಷೆಯಲ್ಲೇ, ಇಂಗ್ಲಿಷ್ ಅಡಿಬರಹದೊಂದಿಗೆ, ಶನಿವಾರ ರಾತ್ರಿ ಎರಡೆರಡು ಕಂತುಗಳಂತೆ ಪ್ರಸಾರ ಮಾಡಿತು. ಬ್ರಿಟನ್ನಿನ ಪತ್ರಿಕೆಗಳು ಕಥೆಯ ತನಿಖಾಧಿಕಾರಿ ಸಾರಾ ಲುಂಡ್ ತೊಡುತ್ತಿದ್ದ ಫ್ಯಾರೋ ದ್ವೀಪದ ಉಣ್ಣೆ ಸ್ವೆಟರಿನ ಬಗ್ಗೆ ಕಾಲಂಗಟ್ಟಲೆ ಬರೆದವು. ಸ್ವೆಟರಿನ ಮಾತು ಬೇಗ ಹಳತಾಯಿತು. ಅಡಿಬರಹದ ಪರಿಣಾಮವನ್ನು ಮಾತ್ರ ಗಂಭೀರವಾಗಿ ನೋಡಬೇಕು. ಪರಭಾಷೆಯ ಕಥೆಯನ್ನು ಓದುತ್ತಾ ನೋಡುವವರು ಪರದೆಯಿಂದ ಕಣ್ಣು ಕೀಳುವಂತಿಲ್ಲ. ಕೈಯಲ್ಲಿ ಮೊಬೈಲು ಹಿಡಿದು, ಕಿವಿಯನ್ನಷ್ಟೇ ಟಿವಿಗೆ ಕೊಟ್ಟು ಕೂರಲಾಗುವುದಿಲ್ಲ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ರಾತ್ರಿ ಎಲ್ಲರೂ ಮಲಗಿದ ಮೇಲೆ ಇವನ್ನು ನೋಡುವ ಕನ್ನಡಿಗರಿಗೂ ಈ ಅನುಭವವುಂಟು. ಲುಂಡ್ ಪಾತ್ರದ ನಟಿ ಸೋಫಿ ಗ್ರೋಬೋಲ್ ಮಾತಾಡದೆ ಒಂದು ಕೋಣೆಯನ್ನು ನೋಡುತ್ತಾ ನಿಂತಾಗ ನಾವೂ ಅದನ್ನು ಅಷ್ಟೇ ಹೊತ್ತು ನೋಡುತ್ತೇವೆ. ನಿಧಾನಗತಿಯ ಕಥೆಗೆ ಬೇಕಾದ ನೋಟ ಹೀಗೆ ತಾನಾಗಿ ಒದಗಿತು.

ಈ ಧಾರಾವಾಹಿಗಳ ವಂಶಾವಳಿ ಟಿವಿಗಿಂತ ಹಳೆಯದು. ಸ್ವೀಡನ್ನಿನ ಮಾಯ್ ಶೋವಾಲ್ ಮತ್ತು ಪೇರ್ ವಾಲೂ ಎಂಬ ಎಡಪಂಥೀಯ ಜೋಡಿ 1965ರಿಂದ 1975ರ ತನಕ ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿಯ ಹತ್ತು ಕಾದಂಬರಿಗಳನ್ನು ಬರೆದರು. ಹತ್ತಕ್ಕೂ ಸೇರಿ ಒಂದೇ ಉಪಶೀರ್ಷಿಕೆ: ಒಂದು ಅಪರಾಧದ ಕಥೆ. ಆ ಅಪರಾಧ ಯಾವುದು ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಜನಕಲ್ಯಾಣದ ಹೆಸರು ಹೇಳುವ ಪ್ರಭುತ್ವ ತನ್ನ ದುರ್ಬಲರನ್ನು ಕೈಬಿಟ್ಟದ್ದೇ ಮೂಲ ಅಪರಾಧ. ಕೊಲೆಗಳು ಅದರ ಲಕ್ಷಣಗಳು. 1986ರ ಫೆಬ್ರುವರಿ 28ರ ರಾತ್ರಿ ಪ್ರಧಾನಿ ಉಲೋಫ್ ಪಾಲ್ಮೆ ಅಂಗರಕ್ಷಕರಿಲ್ಲದೆ ಹೆಂಡತಿಯೊಂದಿಗೆ ಸಿನಿಮಾ ನೋಡಿ ನಡೆದು ಬರುತ್ತಿದ್ದಾಗ ಸ್ಟಾಕ್‌ಹೋಮಿನ ಬೀದಿಯಲ್ಲಿ ಗುಂಡಿಗೆ ಬಲಿಯಾದರು. 2020ರಲ್ಲಿ ಆ ಪ್ರಕರಣ ಮುಚ್ಚಿತೇ ಹೊರತು ನ್ಯಾಯಾಲಯದಲ್ಲಿ ನಿಲ್ಲುವ ಉತ್ತರ ಸಿಗಲಿಲ್ಲ. ಬಗೆಹರಿಯದ ಒಂದು ಕೊಲೆ ದೇಶದ ನಡುಮನೆಯಲ್ಲೇ ಇಷ್ಟು ಕಾಲ ಕೂತಿರುವಾಗ ಪತ್ತೇದಾರಿ ಕಥೆ ಅಲ್ಲಿ ಬರೀ ವಿನೋದವಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಹೆನಿಂಗ್ ಮಾಂಕೆಲ್ 1991ರಲ್ಲಿ ಬರೆದ ಪೊಲೀಸ್ ಅಧಿಕಾರಿ ವಾಲಾಂಡರ್‌ನ ಮೊದಲ ಕಾದಂಬರಿಯಲ್ಲಿ ಹೊಲದ ಮನೆಯ ಮುದುಕ ದಂಪತಿ ಕೊಲೆಯಾಗುತ್ತಾರೆ. ಕೊಂದವರು ಹೊರದೇಶದವರಂತೆ ಎಂಬ ಗಾಳಿಮಾತೊಂದೇ ಸಾಕು, ನಿರಾಶ್ರಿತರ ಮೇಲೆ ಹಲ್ಲೆ ಶುರುವಾಗುತ್ತದೆ.  

ಟಿವಿಯಲ್ಲಿ ಈ ಸಾಮಾಜಿಕ ಪ್ರಜ್ಞೆ ಉಳಿದದ್ದು ಆಕಸ್ಮಿಕವಾಗಿ ಅಲ್ಲ. ಇಂಗೋಲ್ಫ್ ಗಬೋಲ್ಡ್ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಡಿಆರ್ ಕೆಲವು ನಿಯಮಗಳನ್ನು ಹಾಕಿಕೊಂಡಿತ್ತು. ಧಾರಾವಾಹಿ ಬರಹಗಾರನ ಒಂದೇ ದರ್ಶನದಿಂದ ಹುಟ್ಟಬೇಕು. ಕಥೆಗೆ ಎರಡು ಪದರ ಇರಬೇಕು: ಮೇಲೆ ಕುತೂಹಲ, ಕೆಳಗೆ ಸಮಾಜದ ಒಂದು ನೈತಿಕ ಪ್ರಶ್ನೆ. ಜನರ ಶುಲ್ಕದಿಂದ ನಡೆಯುತ್ತಿದ್ದ ಸಂಸ್ಥೆ ಜನರಿಗೆ ಅಷ್ಟನ್ನಾದರೂ ಕೊಡಬೇಕು ಎಂಬುದು ಅದರ ಹಿಂದಿನ ವಿಚಾರ. ಡಿಆರ್‌ನವರು ಅಮೆರಿಕದವರ ಕಥನ ಕೌಶಲವನ್ನು ಹೋಗಿ ಕಲಿತು ಬಂದರು, ಆದರೆ ಎರಡನೆಯ ಪದರವನ್ನು ಬಿಡಲಿಲ್ಲ.

ಆ ಪದರ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ‘ದಿ ಕಿಲ್ಲಿಂಗ್’ನ ರಾಮ ಎಂಬ ಪಾತ್ರವನ್ನು ನೋಡಬೇಕು. ನಾನ್ನಾಳ ಶಾಲೆಯ ಶಿಕ್ಷಕ, ವಲಸೆ ಹಿನ್ನೆಲೆಯವನು. ಸಾಕ್ಷ್ಯಗಳು ಒಂದೊಂದಾಗಿ ಅವನ ಕಡೆ ಬೆರಳು ತೋರುತ್ತವೆ, ಅವನ ಸುಳ್ಳುಗಳು ಹೊರಬೀಳುತ್ತವೆ. ನಾವೂ ಅವನೇ ಇರಬೇಕು ಎಂದುಕೊಳ್ಳುತ್ತೇವೆ. ನಗರದ ಮೇಯರ್ ಹುದ್ದೆಗೆ ನಿಂತ ಟ್ರೋಲ್ಸ್ ಹಾರ್ಟ್‌ಮನ್ ಅವನನ್ನು ಕೈಬಿಡಲು ಒಪ್ಪದೆ ಚುನಾವಣೆಯನ್ನೇ ಪಣಕ್ಕಿಡಬೇಕಾಗುತ್ತದೆ. ಮಗಳನ್ನು ಕಳೆದುಕೊಂಡ ಥೈಸ್ ರಾಮನನ್ನು ಎಳೆದೊಯ್ದು ಹೊಡೆಯುವಾಗ ನಮ್ಮೊಳಗಿನ ಒಂದು ಭಾಗ ಆ ತಂದೆಯ ಪಕ್ಕದಲ್ಲೇ ನಿಂತಿರುತ್ತದೆ. ರಾಮ ನಿರಪರಾಧಿ ಎಂದು ಗೊತ್ತಾದಾಗ ತಲೆ ತಗ್ಗುವುದು ಥೈಸನದು ಮಾತ್ರವಲ್ಲ. ಒಂದೇ ಸಂಜೆಯಲ್ಲಿ ಮುಗಿಯುವ ಸಿನಿಮಾದಲ್ಲಿ ಇದು ಒಂದು ತಿರುವಾಗಿ ಹೋಗುತ್ತಿತ್ತು. ವಾರಗಟ್ಟಲೆ ಸಂಶಯವನ್ನು ಮನಸ್ಸಿನಲ್ಲಿಟ್ಟು ಸಾಕಿದ ಮೇಲೆ ಅದು ನಮ್ಮದೇ ನಡತೆಯ ಪ್ರಶ್ನೆಯಾಗುತ್ತದೆ. ಉದ್ದವಾದ ರೂಪ ಇಲ್ಲಿ ನೈತಿಕ ಅನಿವಾರ್ಯ.

‘ಬ್ರೋನ್’ (ಸೇತುವೆ) ಎಂಬ ಧಾರಾವಾಹಿ 2011ರಲ್ಲಿ ಬಂತು. ಸ್ವೀಡನ್ನಿನ ಮಾಲ್ಮೊ ಮತ್ತು ಕೋಪನ್‌ಹೇಗನ್‌ಗಳನ್ನು ಬೆಸೆಯುವ ಓರೆಸುಂಡ್ ಸೇತುವೆಯ ನಟ್ಟನಡುವೆ, ಗಡಿಗೆರೆಯ ಮೇಲೆ ಒಂದು ಶವ. ಸೊಂಟದ ಮೇಲ್ಭಾಗ ಸ್ವೀಡನ್ನಿನ ರಾಜಕಾರಣಿಯದು, ಕೆಳಭಾಗ ಡೆನ್ಮಾರ್ಕಿನ ಒಬ್ಬ ವೇಶ್ಯೆಯದು. ಈ ಒಂದು ಚಿತ್ರದಲ್ಲೇ ಯಾರ ಸಾವಿಗೆ ಪೊಲೀಸರು ಓಡಿಬರುತ್ತಾರೆ, ಯಾರ ಸಾವು ಕಡತದಲ್ಲಿ ಕೊಳೆಯುತ್ತದೆ ಎಂಬ ಪ್ರಶ್ನೆಯಿದೆ. ಈ ಹೂಡಿಕೆ ಎಷ್ಟು ಗಟ್ಟಿಯೆಂದರೆ ಅಮೆರಿಕ–ಮೆಕ್ಸಿಕೊ ಗಡಿ, ಇಂಗ್ಲೆಂಡ್–ಫ್ರಾನ್ಸ್ ನಡುವಿನ ಸುರಂಗ, ಸಿಂಗಪುರ–ಮಲೇಷ್ಯಾ ಸೇತುವೆಗಳ ಮೇಲೂ ಅದು ಮರುಹುಟ್ಟು ಪಡೆಯಿತು. (‘ದಿ ಕಿಲ್ಲಿಂಗ್’ ಕೂಡ ಅಮೆರಿಕದ ಸಿಯಾಟಲ್‌ಗೆ ಹೋಯಿತು, 2025ರಲ್ಲಿ ಹಿಂದಿಗೂ ಬಂತು.) ತನಿಖಾಧಿಕಾರಿ ಸಾಗಾ ನೊರೆನ್ ಪಾತ್ರದಲ್ಲಿ ಸೋಫಿಯಾ ಹೆಲಿನ್ ಮಾಡಿದ್ದು ಅಪರೂಪದ ಅಭಿನಯ. ಮಾತಿನ ಒಳಾರ್ಥ ಅವಳಿಗೆ ತಿಳಿಯದು, ಸುಳ್ಳು ಹೇಳಲು ಬಾರದು, ನಿಯಮ ಎಂದರೆ ನಿಯಮ. ಎರಡನೆಯ ಸರಣಿಯ ಕೊನೆಯಲ್ಲಿ, ತನಗಿರುವ ಒಬ್ಬನೇ ಗೆಳೆಯ ಮಾರ್ಟಿನ್ ತನ್ನ ಮಗನನ್ನು ಕೊಂದವನನ್ನು ಕೊಂದಿದ್ದಾನೆಂದು ಅವಳಿಗೆ ತಿಳಿಯುತ್ತದೆ. ಅವಳೇ ದೂರು ಕೊಡುತ್ತಾಳೆ. ಕಾನೂನು ಗೆದ್ದ ಆ ಗಳಿಗೆಯಲ್ಲಿ ಇಬ್ಬರೂ ನಾಶವಾಗುತ್ತಾರೆ. ಈ ಪರಂಪರೆಯಲ್ಲಿ ಅದಕ್ಕಿಂತ ಎತ್ತರದ ಗಳಿಗೆಯನ್ನು ನಾನು ಕಂಡಿಲ್ಲ.

ಆದರೆ ಕೆಡುವಿಕೆಯೂ ಅದೇ ‘ಬ್ರೋನ್’ನಲ್ಲಿ ಶುರುವಾಗುತ್ತದೆ. ಮೂರನೆಯ ಸರಣಿಯ ಹೊತ್ತಿಗೆ ಶವಗಳು ಕಲಾಕೃತಿಗಳಂತೆ ಅಣಿಗೊಂಡು ಸಿಗುತ್ತವೆ. ಕೊಲೆಗಾರನ ಕಲ್ಪನಾಶಕ್ತಿಯೇ ಕಥೆಯ ಆಕರ್ಷಣೆಯಾಗುತ್ತದೆ. ಸತ್ತವರು ಅವನ ಬಣ್ಣದ ಡಬ್ಬಿಗಳು. ನಾಲ್ಕನೆಯದು ವಲಸೆ ಇಲಾಖೆಯ ಮುಖ್ಯಸ್ಥೆಯನ್ನು ಕಲ್ಲು ಹೊಡೆದು ಕೊಲ್ಲುವುದರಿಂದ ಆರಂಭವಾಗುತ್ತದೆ. ಗಡೀಪಾರಿನ ಗಂಭೀರ ವಿಷಯ ಎತ್ತಿದ ಕಥೆ ಆ ಆಘಾತಕ್ಕೆ ತಕ್ಕ ವಿಚಾರವನ್ನು ಕೊಡದೆ ಮತ್ತೊಂದು ಸೇಡಿನ ಸರಪಳಿಗೆ ಜಾರುತ್ತದೆ. ನನಗೆ ಹೆಚ್ಚು ನೋವು ತಂದದ್ದು ಸ್ವೈಸ್ಟ್ರುಪ್ ಅವರದೇ ಕಾದಂಬರಿಯಿಂದ 2021ರಲ್ಲಿ ನೆಟ್‌ಫ್ಲಿಕ್ಸ್‌ಗಾಗಿ ಆದ ‘ದಿ ಚೆಸ್ಟ್‌ನಟ್ ಮ್ಯಾನ್’. ಆರೇ ಕಂತು, ಅಂಗಾಂಗ ಕಳೆದುಕೊಂಡ ಹಲವು ಹೆಂಗಸರು, ಪ್ರತಿ ಶವದ ಪಕ್ಕ ಒಂದು ಪುಟ್ಟ ಬೊಂಬೆ. ಮಗಳನ್ನು ಕಳೆದುಕೊಂಡ ಸಚಿವೆಯ ಮನೆ ಅಲ್ಲೂ ಇದೆ. ಆದರೆ ಅಲ್ಲಿ ಕೂತು ಉಸಿರಾಡಲು ಪುರುಸೊತ್ತಿಲ್ಲ. ನಾನ್ನಾಳಿಗೆ ಇಪ್ಪತ್ತು ಗಂಟೆ ಕೊಟ್ಟ ಬರಹಗಾರನ ಲೋಕದಲ್ಲಿ ಈಗ ಸತ್ತವರ ಹೆಸರುಗಳು ನೆನಪಿನಲ್ಲಿ ನಿಲ್ಲುವುದಿಲ್ಲ.

ತನಿಖೆ ನಡೆಸುವ ಹೆಣ್ಣುಗಳ ಬಗ್ಗೆಯೂ ಒಂದು ತಕರಾರು ಇದೆ. ಲುಂಡ್ ಮಗ ಮಾರ್ಕ್‌ನಿಂದ ದೂರವಾಗುತ್ತಾಳೆ, ಮದುವೆಯಾಗಬೇಕಿದ್ದವನನ್ನು ಕಳೆದುಕೊಳ್ಳುತ್ತಾಳೆ. ಸಾಗಾಳ ಒಂಟಿತನವಂತೂ ಕೊನೆಮೊದಲಿಲ್ಲದ್ದು. ವಾಲಾಂಡರ್ ಕೂಡ ಸಂಸಾರ ಮುರಿದವನೇ, ನಿಜ. ಆದರೆ ಅವನ ಮುರುಕು ಬಾಳಿಗೆ ಕಥೆ ಮರುಕ ತೋರುತ್ತದೆ; ಹೆಣ್ಣಿನ ಮುರುಕು ಬಾಳನ್ನು ಅವಳ ಜಾಣ್ಮೆಗೆ ತೆರಬೇಕಾದ ಬೆಲೆಯೆಂಬಂತೆ ವಸೂಲಿ ಮಾಡುತ್ತದೆ. ಅವಳಿಗೆ ಗಟ್ಟಿಯಾದ ಪಾತ್ರ ಕೊಟ್ಟೆವೆಂಬ ಹೆಮ್ಮೆಯ ಜೊತೆಗೇ ಈ ವಸೂಲಿಯೂ ನಡೆದಿದೆ. ಮೆಚ್ಚಿಕೊಂಡ ವಿಮರ್ಶಕರು ಅದನ್ನು ಹೆಚ್ಚಾಗಿ ಗಮನಿಸಲಿಲ್ಲ.

ಆದರೆ ಆ ಎರಡನೆಯ ಪದರ ಎಲ್ಲೆಡೆ ಕೆಡಲಿಲ್ಲ ಎಂಬುದಕ್ಕೆ ಐಸ್‌ಲ್ಯಾಂಡಿನ ‘ಟ್ರ್ಯಾಪ್ಡ್’ ಸಾಕ್ಷಿ. 2015ರ ಕೊನೆಯಲ್ಲಿ ಬಂದ ಇದರಲ್ಲಿ ಹಿಮ ಅಲಂಕಾರಕ್ಕೆ ಬೀಳುವುದಿಲ್ಲ. ಅದು ರಸ್ತೆ ಮುಚ್ಚುತ್ತದೆ, ರಾಜಧಾನಿಯ ಪೊಲೀಸರನ್ನು ತಡೆಯುತ್ತದೆ, ಹಡಗನ್ನು ಬಂದರಿನಲ್ಲಿ ಕಟ್ಟಿಹಾಕುತ್ತದೆ. ಕೊಲೆಗಾರನೂ ಅವನನ್ನು ಹುಡುಕುವವರೂ ಒಂದೇ ಪುಟ್ಟ ಊರಿನಲ್ಲಿ ಒಬ್ಬರಿಗೊಬ್ಬರು ಎದುರಾಗುತ್ತಾ ಬದುಕಬೇಕು. 2008ರ ಬ್ಯಾಂಕ್ ಕುಸಿತದ ಗಾಯ ಮಾಯದ ದೇಶದಲ್ಲಿ, ಬಂದರು ಕಟ್ಟಲು ಬರುವ ಹಣದ ಆಸೆ ಊರಿನ ಹಿರಿಯರನ್ನು ಹೇಗೆ ಕೆಡಿಸುತ್ತದೆ ಎಂಬುದು ಅದರ ಎರಡನೆಯ ಪದರ.

ಈ ಪರಂಪರೆಗೆ ಅತ್ಯಂತ ತೀಕ್ಷ್ಣವಾದ ಟೀಕೆ ಅದರ ಒಳಗಿನಿಂದಲೇ ಬಂತು. 2017ರ ಆಗಸ್ಟಿನಲ್ಲಿ ಸ್ವೀಡನ್ನಿನ ಪತ್ರಕರ್ತೆ ಕಿಮ್ ವಾಲ್ ಖಾಸಗಿ ಜಲಾಂತರ್ಗಾಮಿಯ ಮಾಲೀಕನೊಬ್ಬನನ್ನು ಸಂದರ್ಶಿಸಲು ಹೋಗಿ ಕೋಪನ್‌ಹೇಗನ್ ಬಳಿಯ ಕಡಲಲ್ಲಿ ಕೊಲೆಯಾದರು. ಘಟನೆ ‘ಬ್ರೋನ್’ನ ಕಂತಿನಂತಿದೆ ಎಂದು ಜಗತ್ತು ಮಾತಾಡಿಕೊಂಡಿತು. ಆ ಹೋಲಿಕೆಯೇ ಎಷ್ಟು ಅಮಾನುಷ ಎಂಬುದನ್ನು ಅರಿತವರಂತೆ ಟೋಬಿಯಾಸ್ ಲಿಂಡ್‌ಹೋಮ್ 2020ರಲ್ಲಿ ‘ದಿ ಇನ್ವೆಸ್ಟಿಗೇಶನ್’ ಎಂಬ ಆರು ಕಂತುಗಳನ್ನು ಬರೆದು ನಿರ್ದೇಶಿಸಿದರು. ಕೊಲೆಗಾರ ಅದರಲ್ಲಿ ಒಮ್ಮೆಯೂ ಕಾಣಿಸುವುದಿಲ್ಲ. ಅವನ ಹೆಸರೂ ಇಲ್ಲ. ಕೊಲೆಯ ದೃಶ್ಯವಿಲ್ಲ, ಶವದ ಪ್ರದರ್ಶನವಿಲ್ಲ. ಇರುವುದು ಕೆಲಸ: ದಿನವೂ ತಣ್ಣನೆಯ ನೀರಿಗಿಳಿಯುವ ಮುಳುಗುಗಾರರು, ದೋಣಿಯ ತುದಿಯಲ್ಲಿ ಮೂಸುತ್ತಾ ನಿಂತ ನಾಯಿಗಳು, ಕಡಲ ಪ್ರವಾಹದ ಲೆಕ್ಕ, ಇದು ಅಪಘಾತವಲ್ಲ ಎಂದು ನ್ಯಾಯಾಲಯದಲ್ಲಿ ನಿಲ್ಲುವಂತೆ ಸಾಬೀತು ಮಾಡಬೇಕಾದ ಸರ್ಕಾರಿ ವಕೀಲನ ಚಿಂತೆ.

ಪಾತ್ರವರ್ಗದ ಆಯ್ಕೆಯಲ್ಲೇ ಒಂದು ಆತ್ಮಪರೀಕ್ಷೆ ಇದೆ. ತನಿಖಾಧಿಕಾರಿ ಯೆನ್ಸ್ ಮೊಲ್ಲರ್ ಆಗಿ ನಟಿಸಿದವರು ‘ದಿ ಕಿಲ್ಲಿಂಗ್’ನಲ್ಲಿ ಲುಂಡ್‌ಳ ಜೊತೆಗಾರನಾಗಿದ್ದ ಸೋರೆನ್ ಮಾಲಿಂಗ್. ಕಿಮ್ ಅವರ ತಂದೆಯ ಪಾತ್ರದಲ್ಲಿ ರೋಲ್ಫ್ ಲಾಸ್‌ಗೋರ್ಡ್. ತೆರೆಯ ಮೇಲೆ ವಾಲಾಂಡರ್ ಆಗಿ ಶವಗಳ ಮುಂದೆ ನಿಂತು ಪ್ರಶ್ನೆ ಕೇಳಿದ್ದ ಅದೇ ನಟ ಈಗ ಮೇಜಿನ ಆಚೆ ಬದಿಯಲ್ಲಿ, ಮಗಳ ಸುದ್ದಿಗೆ ಕಾಯುವ ಕುರ್ಚಿಯಲ್ಲಿದ್ದಾರೆ. ಲಿಂಡ್‌ಹೋಮ್ ಆರು ಕಂತುಗಳಲ್ಲೇ ಇಷ್ಟು ಸಮಯವನ್ನು ಸತ್ತವಳಿಗೆ ಮತ್ತು ಅವಳವರಿಗೆ ಮೀಸಲಿಡಬಲ್ಲರು ಎಂದ ಮೇಲೆ, ಕಂತುಗಳು ಕಡಿಮೆಯಾದವು ಎಂಬ ನೆಪ ಉಳಿದವರಿಗೆ ಸಲ್ಲುವುದಿಲ್ಲ.

2018ರಲ್ಲಿ ಡೆನ್ಮಾರ್ಕ್ ಸರ್ಕಾರ, ಒಂದು ಕೊಲೆಗೆ ಇಪ್ಪತ್ತು ಕಂತು ಎತ್ತಿಟ್ಟಿದ್ದ ಅದೇ ಡಿಆರ್‌ನ ಹಣದಲ್ಲಿ ಶೇ 20ರಷ್ಟನ್ನು ಐದು ವರ್ಷಗಳಲ್ಲಿ ಕಡಿತಗೊಳಿಸಲು ತೀರ್ಮಾನಿಸಿತು. ಆಚೆ ದಡದ ಸ್ವೀಡನ್ನಿನಲ್ಲಿ ಈಗ ಸಾವಿನ ಸ್ವರೂಪವೇ ಬದಲಾಗಿದೆ. ಹೊರವಲಯದ ಬಡಾವಣೆಗಳಲ್ಲಿ ಗ್ಯಾಂಗುಗಳು ಹದಿಹರೆಯದ ಹುಡುಗರ ಕೈಗೆ ಪಿಸ್ತೂಲು ಕೊಡುತ್ತಿವೆ. 2022ರಲ್ಲಿ 60ಕ್ಕೂ ಹೆಚ್ಚು ಜನ ಗುಂಡಿಗೆ ಸತ್ತರು. ಅಲ್ಲಿ ಜಾಣ ಕೊಲೆಗಾರನಿಲ್ಲ, ಒಗಟಿಲ್ಲ, ಗಡಿಯ ಮೇಲೆ ಅಣಿಗೊಳಿಸಿದ ಶವವಿಲ್ಲ. ಕೊಂದವನೂ ಸತ್ತವನೂ ಎಷ್ಟೋ ಸಲ ಒಂದೇ ಶಾಲೆಯಲ್ಲಿ ಓದಿದವರು, ಇಬ್ಬರ ತಾಯಂದಿರೂ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರು. ಶೋವಾಲ್ ಮತ್ತು ವಾಲೂ ಇದ್ದಿದ್ದರೆ ಈ ಬಡಾವಣೆಗಳಿಗೇ ಹೋಗುತ್ತಿದ್ದರು. ಪೆರ್ನಿಲ್ಲೆಗೆ ಸಿಕ್ಕ ಇಪ್ಪತ್ತು ಗಂಟೆಗಳು ಅಲ್ಲಿನ ಒಬ್ಬ ತಾಯಿಗೆ ಸಿಗುವ ಧಾರಾವಾಹಿಗಾಗಿ ನಾನು ಕಾಯುತ್ತಿದ್ದೇನೆ.