ಹಿತ್ತಲಲ್ಲೊಂದು ಮಡಿ ಸಿಹಿ ಉಳ್ಳಾಗಡ್ಡಿ

ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಊಟಕ್ಕೆ ಇಷ್ಟಿದ್ದರೆ ಮತ್ತೇನೂ ಕೇಳುವುದಿಲ್ಲ. ರೊಟ್ಟಿ ದಪ್ಪವಾದರೆ, ಹಿಂಡಿಗೆ ಉಪ್ಪು ಕಮ್ಮಿಯಾದರೆ ಮುಖ ಸಿಂಡರಿಸುವ ನಾವು ಉಳ್ಳಾಗಡ್ಡಿ ಮಾತ್ರ ಸಂತೆಯಲ್ಲಿ ಸಿಕ್ಕಿದ್ದೇ ಸೈ ಅನ್ನುತ್ತೇವೆ. ದಿನಾ ಹಸಿ ಗಡ್ಡಿ ತಿನ್ನುವವರಿಗೆ ಇದು ಒಪ್ಪುವ ಮಾತಲ್ಲ.

ಸಂತೆಯ ಗಡ್ಡಿ ಮೂಗಿಗೆ ಹತ್ತುವಷ್ಟು ಖಾರವಾಗಿದ್ದರೆ ಅದು ರೈತನ ತಪ್ಪೂ ಅಲ್ಲ. ತಿಂಗಳುಗಟ್ಟಲೆ ಕೆಡದ, ಲಾರಿಯಲ್ಲಿ ಕುಲುಕಿದರೂ ಜಜ್ಜಿಹೋಗದ ಗಡ್ಡಿಗೇ ದರ. ಸಿಹಿ ಗಡ್ಡಿಯಲ್ಲಿ ನೀರು ಹೆಚ್ಚು, ಸಿಪ್ಪೆ ತೆಳು, ಬಾಳಿಕೆ ಕಮ್ಮಿ. ಹಾಗಾಗಿ ಅದು ಬೇಕೆಂದರೆ ಹಿತ್ತಲಲ್ಲೇ ಬೆಳೆದುಕೊಳ್ಳಬೇಕು.

ಸಿಹಿ ಎಂದರೆ ಸಕ್ಕರೆ ಹೆಚ್ಚೆಂದು ತಿಳಿಯಬೇಡಿ. ಖಾರದ ಗಡ್ಡಿಯಲ್ಲೂ ಅಷ್ಟೇ ಸಕ್ಕರೆ, ಕೆಲವೊಮ್ಮೆ ಇನ್ನೂ ಹೆಚ್ಚೇ ಇರುತ್ತದೆ. ಗಂಧಕದ ಘಾಟು ಅದನ್ನು ನಾಲಿಗೆಗೆ ಮುಟ್ಟಗೊಡುವುದಿಲ್ಲ. ಅಮೆರಿಕದ ಜಾರ್ಜಿಯಾದ ವಿಡಾಲಿಯಾ ಉಳ್ಳಾಗಡ್ಡಿ ಹೆಸರಾದದ್ದೇ ಗಂಧಕ ಕಡಿಮೆಯಿರುವ ಮರಳು ನೆಲದಿಂದ. 1986ರಲ್ಲಿ ಆ ರಾಜ್ಯ ಕಾನೂನು ತಂದು, ಬೇರೆಡೆ ಬೆಳೆದದ್ದನ್ನು ಆ ಹೆಸರಲ್ಲಿ ಮಾರದಂತೆ ಕಟ್ಟುಹಾಕಿತು.

ನಮ್ಮದು ಎರೆ. ಮಳೆಗೆ ಅಂಟು, ಬಿಸಿಲಿಗೆ ಬಿರುಕು. ಇಡೀ ಹೊಲದ ಗುಣ ಬದಲಿಸಲಾಗದು, ಒಂದು ಮಡಿಯದನ್ನು ಬದಲಿಸಬಹುದು. ಗೇಣು ಎತ್ತರ ಮಡಿ ಏರಿಸಿ, ಮಸಾರಿ ಮಣ್ಣು, ಒಂದಿಷ್ಟು ಉಸುಕು, ಪೂರ್ತಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಸೂಪರ್ ಫಾಸ್ಫೇಟ್, ಅಮೋನಿಯಂ ಸಲ್ಫೇಟ್, ಜಿಪ್ಸಂ ಈ ಮಡಿಯ ಹತ್ತಿರ ಸುಳಿಯಬಾರದು, ಮೂರರಲ್ಲೂ ಗಂಧಕವಿದೆ. ಮಾರಾಟದ ಬೆಳೆಗೆ ಅದೇ ಬಲ, ನಮಗೆ ಅದೇ ಬೇಡ. ಗಿಡಕ್ಕೆ ಬೇಕಾದಷ್ಟು ಗಂಧಕ ತಿಪ್ಪೆಗೊಬ್ಬರದಲ್ಲೇ ಸಿಗುತ್ತದೆ.

ಬೀಜದ ವಿಷಯಕ್ಕೆ ಬಂದರೆ, ಆನ್‌ಲೈನ್‌ನಲ್ಲಿ ಚಿತ್ರ ನೋಡಿ ‘ವಾಲಾ ವಾಲಾ’ ತರಿಸುವವರಿದ್ದಾರೆ. ದುಡ್ಡು ದಂಡ. ಆ ತಳಿ ಗಡ್ಡಿ ಕಟ್ಟಲು ಹದಿನಾಲ್ಕು ತಾಸಿನ ಹಗಲು ಬೇಕು. ನಮ್ಮಲ್ಲಿ ಜೂನ್‌ನ ಅತಿ ಉದ್ದದ ಹಗಲೂ 13 ತಾಸಿನ ಆಸುಪಾಸು. ಬರೀ ತಪ್ಪಲ ಬರುತ್ತದೆ, ಪಲ್ಯಕ್ಕಾದೀತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ್ ದಾಸ್ತಾನಿಗೆ ಗಟ್ಟಿಗ, ಹಸಿ ತಿನ್ನಲು ಖಾರ. ನನ್ನ ಓಟು ಬಿಳಿಯ ‘ಭೀಮಾ ಶ್ವೇತಾ’ಗೆ. ಅದನ್ನು ಹೊರತಂದ ಉಳ್ಳಾಗಡ್ಡಿ ಸಂಶೋಧನಾ ಕೇಂದ್ರವಿರುವುದು ಪುಣೆ ಹತ್ತಿರದ ರಾಜಗುರುನಗರದಲ್ಲಿ, ಭೀಮಾ ದಂಡೆಯ ಮೇಲೆ. ಅದೇ ಹೊಳೆ ಅಫಜಲಪುರ, ಜೇವರ್ಗಿ ದಾಟಿ ಕೃಷ್ಣೆಗೆ ಸೇರುತ್ತದೆ. ಬೀಜಕ್ಕೂ ನಮಗೂ ಒಂದೇ ನೀರಿನ ನೆಂಟಸ್ತಿಕೆ ಎನ್ನಿ.

ಸೆಪ್ಟೆಂಬರ್ ಕೊನೆಗೆ ಬೀಜ ಚೆಲ್ಲಿದರೆ ಆರೇಳು ವಾರಕ್ಕೆ ಅಗಿ ಸಿದ್ಧ. ಪೆನ್ಸಿಲ್‌ಗಿಂತ ದಪ್ಪಗಾದ ಅಗಿ ನೆಡಬೇಡಿ, ಚಳಿಗೆ ಅದು ಹೂಕಾಂಡ ಎತ್ತಿಬಿಡುತ್ತದೆ. ನಾಲ್ಕು ಬೆರಳು ಅಂತರ, ಒಂದು ಬೆರಳು ಆಳ ಸಾಕು. ಫೆಬ್ರವರಿಯಲ್ಲಿ ಗಡ್ಡಿ ಉಬ್ಬುವಾಗ ಅದರ ಭುಜ ಮಣ್ಣಿನಿಂದ ಮೇಲೆ ಕಾಣಬೇಕು. ಕಂಡಿತೆಂದು ಮಣ್ಣು ಏರಿಸುವವರೇ ಜಾಸ್ತಿ. ಏರಿಸಿದರೆ ಗಡ್ಡಿ ಹಿಗ್ಗದೆ ಕತ್ತು ದಪ್ಪಗಾಗುತ್ತದೆ, ಒಣಗಿಸುವಾಗ ಅಲ್ಲಿಂದಲೇ ಕೊಳೆ ಇಳಿಯುತ್ತದೆ.

ಗಡ್ಡಿ ಉಬ್ಬುವ ಹೊತ್ತಿನಲ್ಲಿ ನೀರು ತಪ್ಪಕೂಡದು. ಬಾಯಾರಿದ ಗಡ್ಡಿ ಖಾರವಾಗುತ್ತದೆ, ಬಿಸಿಲಿಗೆ ಸಿಕ್ಕ ಗಡ್ಡಿ ಇನ್ನೂ ಖಾರ. ನಮ್ಮ ಏಪ್ರಿಲ್ ಬಿಸಿಲು ಗೊತ್ತೇ ಇದೆ. ಅದು ಬರುವುದರೊಳಗೆ ಗಡ್ಡಿ ತುಂಬಿರಬೇಕು. ಅರ್ಧದಷ್ಟು ಗಿಡ ಕತ್ತು ಬಾಗಿಸಿದಾಗ ಕೀಳಿ, ಕೀಳುವ ಹತ್ತು ದಿನ ಮೊದಲೇ ನೀರು ಬಂದ್ ಮಾಡಿ, ನೆರಳಲ್ಲಿ ಒಣಗಿಸಿ. ದಾಸ್ತಾನು ಮಾಡುವ ಆಸೆ ಬೇಡ, ಹೆಚ್ಚಾದದ್ದು ಓಣಿಗೆ ಹಂಚಿ.

ಬೀಜ ಕೊಳ್ಳುವಾಗ ಪಾಕೀಟಿನ ಮೇಲಿನ ತಾರೀಖು ಓದಿ. ಉಳ್ಳಾಗಡ್ಡಿ ಬೀಜದ ಕಸುವು ವರ್ಷಕ್ಕೇ ಇಳಿಯುತ್ತದೆ. ಹೋದ ವರ್ಷದ್ದನ್ನು ಅರ್ಧ ರೇಟಿಗೆ ಕೊಟ್ಟರೂ ತರಬೇಡಿ.