‘ಪಲ್ಲಟ’: ಒಂದು ಪದದ ಅರ್ಥವಿಚಾರ

ಈ ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಗೆ ವಿಮರ್ಶೆಯ ಲೇಖನವೊಂದು ಬೇಕೆಂದು ಸಂಘದ ಸಂಪಾದಕ ಮಿತ್ರರು ಕೇಳಿದಾಗ ನಾವು ಒಂದು ಗ್ರಂಥವನ್ನಾಗಲಿ ಒಬ್ಬ ಕವಿಯನ್ನಾಗಲಿ ಆರಿಸಿಕೊಳ್ಳದೆ ಒಂದು ಪದವನ್ನು ಆರಿಸಿಕೊಂಡೆವು. ಆ ಪದ ‘ಪಲ್ಲಟ’. ಇಂದಿನ ಕನ್ನಡ ವಿಮರ್ಶೆಯಲ್ಲಿ ಈ ಪದಕ್ಕೆ ಬಿಡುವಿಲ್ಲ. ಮೌಲ್ಯಗಳ ಪಲ್ಲಟ, ಸಾಂಸ್ಕೃತಿಕ ಪಲ್ಲಟ, ಕಾಲದ ಪಲ್ಲಟ ಎಂದು ಯಾವ ಬದಲಾವಣೆ ಕಂಡರೂ ಅದನ್ನೇ ಬರೆಯುವುದು ವಾಡಿಕೆಯಾಗಿದೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡಿಗರಾದ ನಾವು ಇದನ್ನು ಅಷ್ಟು ಸಡಿಲವಾಗಿ ಬಳಸಬಾರದು. ಈ ಪದ ನಮ್ಮ ಬಾಳಿನ ಕಥೆಯನ್ನೇ ಹೇಳುತ್ತದೆಂಬುದು ನಮ್ಮ ನಂಬಿಕೆ.

ಮೊದಲು ಪದದ ಹುಟ್ಟನ್ನು ನೋಡೋಣ. ನಾವು ಗಡಿಯಾಚೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬನನ್ನು ‘ಪಲ್ಲಟ’ ಎಂದರೇನೆಂದು ಕೇಳಿದೆವು. ಅವನು ಹಿಂದುಮುಂದು ನೋಡದೆ, “ಪಲ ಅಂದ್ರ ಹಲವು ಸರ್, ಹಲವು ಆಟ” ಎಂದು ಪದವನ್ನು ಬಿಡಿಸಿಯೇ ಬಿಟ್ಟನು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಉತ್ತರ ತಪ್ಪಾದರೂ ಪದವನ್ನು ಒಡೆದು ನೋಡುವ ಬುದ್ಧಿ ಮೆಚ್ಚತಕ್ಕದ್ದೆಂದು ಅವನ ಬೆನ್ನು ತಟ್ಟಿದೆವು.

ಪಲ್ಲಟದ ಮೂಲ ಸಂಸ್ಕೃತದ ‘ಪರ್ಯಸ್ತ’. ‘ಪರಿ’ ಎಂಬ ಉಪಸರ್ಗಕ್ಕೆ ‘ಅಸ್’ ಧಾತು ಸೇರಿ ಆದ ರೂಪವಿದು. ಸಂಸ್ಕೃತದಲ್ಲಿ ‘ಅಸ್’ ಎರಡುಂಟು. ಒಂದಕ್ಕೆ ‘ಇರು’ ಎಂದು ಅರ್ಥ, ಇನ್ನೊಂದಕ್ಕೆ ‘ಎಸೆ’ ಎಂದು ಅರ್ಥ. ಇಲ್ಲಿರುವುದು ಎರಡನೆಯದು. ಆದುದರಿಂದ ಪರ್ಯಸ್ತವೆಂದರೆ ಸುತ್ತ ಎಸೆಯಲ್ಪಟ್ಟದ್ದು, ಮಗುಚಿಬಿದ್ದದ್ದು. ಹನ್ನೆರಡನೆಯ ಶತಮಾನದ ಹೇಮಚಂದ್ರನು ತನ್ನ ಪ್ರಾಕೃತ ವ್ಯಾಕರಣದಲ್ಲಿ ಈ ಧಾತುವಿಗೆ ಪಲೋಟ್ಟ, ಪಲ್ಲಟ್ಟ, ಪಲ್ಹತ್ಥ ಎಂಬ ಮೂರು ರೂಪಗಳನ್ನು ಹೇಳಿದ್ದಾನೆ. ಈ ಪಲ್ಲಟ್ಟವೇ ಕನ್ನಡದ ಪಲ್ಲಟ. ಹೇಮಚಂದ್ರನು ಗುಜರಾತದಲ್ಲಿ ಕುಳಿತು ಇದನ್ನು ಬರೆದ ಶತಮಾನದಲ್ಲಿಯೇ, ನಮಗೆ ನೆರೆಯ ಕಲ್ಯಾಣದಲ್ಲಿ ಶರಣರು ಸಮಾಜದ ಮೇಲುಕೀಳುಗಳನ್ನು ಪಲ್ಲಟಗೊಳಿಸುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಈ ‘ಅಸ್’ ಧಾತುವಿನ ಮನೆತನ ದೊಡ್ಡದು. ಎಸೆಯುವ ಆಯುಧ ಅಸ್ತ್ರ. ವ್ಯತ್ಯಾಸ, ವಿನ್ಯಾಸ, ಸಂನ್ಯಾಸ, ಅಭ್ಯಾಸ ಇವೆಲ್ಲ ಅದರ ಸಂತಾನವೇ. ಪರ್ಯಾಸಕ್ಕೆ ‘ವಿ’ ಸೇರಿದರೆ ವಿಪರ್ಯಾಸ. ಹೀಗೆ ವಿಪರ್ಯಾಸವೂ ಪಲ್ಲಟವೂ ಒಂದೇ ತಾಯಿಯ ಮಕ್ಕಳು; ಒಂದು ಸಂಸ್ಕೃತದ ಮನೆಯಲ್ಲಿ ಬೆಳೆಯಿತು, ಇನ್ನೊಂದು ಪ್ರಾಕೃತದ ಮನೆಯಲ್ಲಿ. ಮೂರನೆಯ ತಂಗಿಯೊಬ್ಬಳು ಹಿಂದುಸ್ತಾನಿಯ ದಾರಿಯಿಂದ ತಡವಾಗಿ ಬಂದಳು. ‘ಲಾರಿ ಪಲ್ಟಿ’ ಎಂದು ಪತ್ರಿಕೆಗಳಲ್ಲಿ ದಿನವೂ ಓದುವ ‘ಪಲ್ಟಿ’ಯೇ ಅವಳು. ಆದರೆ ‘ಪಲ್ಟನ್’ ಈ ಕುಲದ್ದಲ್ಲ. ಅದು ಇಂಗ್ಲಿಷಿನ ‘ಪ್ಲಟೂನ್’ನಿಂದ ಬಂದದ್ದು. ಧ್ವನಿಸಾಮ್ಯವನ್ನು ನೋಡಿ ಸಂಬಂಧ ಕಟ್ಟಬಾರದು.

ನಮ್ಮ ನೆರೆಯ ಮರಾಠಿಯಲ್ಲಿ ಇದೇ ಪದ ‘ಪಾಲಟ’ವಾಗಿದೆ. ಪಾಲಕಿಯನ್ನೋ ಚಟ್ಟವನ್ನೋ ಹೊತ್ತವರು ಹೆಗಲು ಬದಲಿಸುವುದು ‘ಖಾಂದೇಪಾಲಟ’. ಈಗ ಮಂತ್ರಿಮಂಡಲದ ಪುನರ್ರಚನೆಗೂ ಪತ್ರಿಕೆಗಳು ಅದನ್ನೇ ಬರೆಯುತ್ತವೆ. ಜೋಳ ಬೆಳೆದ ಹೊಲಕ್ಕೆ ಮರುವರ್ಷ ತೊಗರಿಯನ್ನೋ ಕಡಲೆಯನ್ನೋ ಹಾಕುವುದು ‘ಫೇರಪಾಲಟ’. ನಮ್ಮ ಸೀಮೆಯ ರೈತರೆಲ್ಲರಿಗೂ ಈ ಮಾತು ಗೊತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಖಾಂದೇಪಾಲಟದಲ್ಲಿ ಹೆಗಲು ಬೇರೆಯಾದರೂ ಪಾಲಕಿ ಅದೇ. ಫೇರಪಾಲಟದಲ್ಲಿ ಬೆಳೆ ಬೇರೆಯಾದರೂ ಹೊಲ ಅದೇ. ಅಷ್ಟೇ ಅಲ್ಲ, ದ್ವಿದಳ ಧಾನ್ಯ ಬೆಳೆದುದರಿಂದ ಮಣ್ಣಿಗೆ ಸಾರಜನಕ ಸೇರಿ ಹೊಲ ಮತ್ತಷ್ಟು ಬಲಗೊಳ್ಳುತ್ತದೆ.

ಇದರಿಂದ ಪಲ್ಲಟದ ನಿಜವಾದ ಅರ್ಥ ಹೊಳೆಯುತ್ತದೆ. ಬದಲಾಗುವುದನ್ನು ಹೇಳಲು ಕನ್ನಡದಲ್ಲಿ ಪದಗಳು ಹಲವಾರು. ‘ಮಾರ್ಪಾಡು’ ಅಚ್ಚಗನ್ನಡ, ವಸ್ತುವಿನ ರೂಪವೇ ಬೇರೆಯಾದರೆ ಅದು ಮಾರ್ಪಾಡು. ‘ಬದಲು’ ಅರಬ್ಬಿಯಿಂದ ಬಂದದ್ದು. ಒಂದು ಹೋಗಿ ಆ ಜಾಗಕ್ಕೆ ಇನ್ನೊಂದು ಬಂದರೆ ಅದು ಬದಲು. ‘ಚಂಚಲ’ವೆಂದರೆ ನಿಂತಲ್ಲಿಯೇ ಅಲುಗುವುದು, ‘ಜಂಗಮ’ವೆಂದರೆ ತಾನಾಗಿ ನಡೆಯುವುದು. ಪಲ್ಲಟ ಇವು ಯಾವುವೂ ಅಲ್ಲ. ವಸ್ತು ಅದೇ ಇರುತ್ತದೆ, ಅದರ ಸ್ಥಾನ ಅಥವಾ ಕ್ರಮ ಮಾತ್ರ ತಿರುವುಮುರುವಾಗುತ್ತದೆ. ಭಾಷಾಶಾಸ್ತ್ರದ ‘ವರ್ಣಪಲ್ಲಟ’ವೇ ಇದಕ್ಕೆ ಸಾಕ್ಷಿ. ವಾರಾಣಸಿ ಎಂಬಲ್ಲಿ ರಕಾರ ಣಕಾರಗಳು ಸ್ಥಾನ ಬದಲಿಸಿಕೊಂಡು ಬನಾರಸ ಆಯಿತು. ನಮ್ಮ ಸೀಮೆಯ ಮರಾಠಿಯಲ್ಲಿ ನುಕಸಾನ ‘ನುಸಕಾನ’ವಾಗುತ್ತದೆ. ಅಕ್ಷರಗಳು ಕಳೆದುಹೋಗಲಿಲ್ಲ, ನಿಂತ ಜಾಗ ಬೇರೆಯಾಯಿತು.

ಈ ಅರ್ಥವನ್ನು ಹಿಡಿದು ಕೃತಿಗಳನ್ನು ಓದಿದರೆ ವಿಮರ್ಶೆಗೆ ಲಾಭವುಂಟು. ಒಂದು ಉದಾಹರಣೆಯನ್ನು ಕೊಡುತ್ತೇವೆ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ 1964ರದು. ಅದರ ಉತ್ತರಾರ್ಧ ನಡೆಯುವುದು ನಮ್ಮ ಮರಾಠವಾಡದ ದೌಲತಾಬಾದಿನಲ್ಲಿ. ನಮ್ಮಲ್ಲಿ ಅನೇಕರು ಮಕ್ಕಳ ಪ್ರವಾಸಗಳಲ್ಲಿ ಆ ಕೋಟೆಯನ್ನು ಹತ್ತಿ ಬಂದವರೇ. ಇದನ್ನು ಆದರ್ಶವಾದಿಯೊಬ್ಬನು ಕ್ರೂರಿಯಾಗಿ ಬದಲಾದ ಕಥೆಯೆಂದು ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಸುಲ್ತಾನನ ಬುದ್ಧಿ, ಹಟ, ಕನಸು ಮೊದಲಿನಿಂದ ಕಡೆಯವರೆಗೆ ಅವೇ. ಪಲ್ಲಟವಾಗುವುದು ಸ್ಥಾನಗಳು. ರಾಜಧಾನಿ ದಿಲ್ಲಿಯಿಂದ ದೌಲತಾಬಾದಿಗೆ ಬರುತ್ತದೆ. ಬೆಳ್ಳಿಯ ಬೆಲೆ ತಾಮ್ರದ ನಾಣ್ಯಕ್ಕೆ ಬರುತ್ತದೆ. ಪ್ರಾರ್ಥನೆಯ ಹೊತ್ತು ಕೊಲೆಯ ಸಂಚಿನ ಹೊತ್ತಾಗುತ್ತದೆ. ಅಗಸನಾದ ಅಜೀಜ್ ಮೊದಲು ಬ್ರಾಹ್ಮಣನ ವೇಷದಲ್ಲಿ ನ್ಯಾಯ ಪಡೆಯುತ್ತಾನೆ, ಕಡೆಗೆ ಖಲೀಫರ ವಂಶಸ್ಥನನ್ನು ಕೊಂದು ಅವನ ಪೀಠದಲ್ಲಿಯೇ ಕುಳಿತು ಗೌರವ ಪಡೆಯುತ್ತಾನೆ. ಯಾರೂ ಮಾರ್ಪಟ್ಟಿಲ್ಲ, ಒಬ್ಬರ ಜಾಗದಲ್ಲಿ ಇನ್ನೊಬ್ಬರಿದ್ದಾರೆ. ಇದನ್ನು ‘ಬದಲಾವಣೆ’ ಎಂದರೆ ನಾಟಕದ ಮರ್ಮ ಕೈಗೆ ಸಿಕ್ಕುವುದಿಲ್ಲ, ‘ಪಲ್ಲಟ’ ಎಂದರೆ ಸಿಕ್ಕುತ್ತದೆ. ವಿಮರ್ಶಕನು ಪದವನ್ನು ತೂಗಿ ಬಳಸಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಇನ್ನು ನಮ್ಮ ನೆಲದ ಮಾತು. ನಾವು ನಿಲಂಗಾ ತಾಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದಾಗ ಅದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಅದರಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಹೋದವು. 1960ರ ಮೇ 1ರಂದು ಅದು ಮಹಾರಾಷ್ಟ್ರವಾಯಿತು. 1982ರಲ್ಲಿ ಉಸ್ಮಾನಾಬಾದ ಜಿಲ್ಲೆಯನ್ನು ಒಡೆದು ಲಾತೂರ ಜಿಲ್ಲೆಯನ್ನು ಮಾಡಿದಾಗ ನಿಲಂಗಾ, ಉದಗೀರಗಳು ಲಾತೂರಕ್ಕೆ ಸೇರಿದವು. ಉಮರ್ಗಾ ಹಳೆಯ ಜಿಲ್ಲೆಯಲ್ಲಿಯೇ ಉಳಿಯಿತು. ಆ ಜಿಲ್ಲೆಗೂ ಈಗ ಧಾರಾಶಿವವೆಂಬ ಹೆಸರು ಬಂದಿದೆ. ಇಷ್ಟೆಲ್ಲ ಆದರೂ ನಮ್ಮ ಮನೆಯ ಬಾಗಿಲು ಅಂದು ಯಾವ ದಿಕ್ಕಿಗಿತ್ತೋ ಇಂದೂ ಅದೇ ದಿಕ್ಕಿಗಿದೆ. ನಾವು ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಗಡಿ ನಮ್ಮನ್ನು ದಾಟಿ ಹೋಯಿತು. ಇದಕ್ಕೆ ಪಲ್ಲಟಕ್ಕಿಂತ ಸರಿಯಾದ ಪದ ಯಾವುದಿದೆ?

ನೆಲವೇ ಪಲ್ಲಟವಾದ ದಿನವನ್ನೂ ನಾವು ಕಂಡಿದ್ದೇವೆ. 1993ರ ಸಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಕಳುಹಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಔಸಾ ಉಮರ್ಗಾ ತಾಲೂಕುಗಳ ಕಿಲ್ಲಾರಿ, ಸಾಸ್ತೂರ ಸೀಮೆ ನಡುಗಿತು. ಸುಮಾರು 8 ಸಾವಿರ ಜನ ಕಲ್ಲುಮಣ್ಣಿನ ಗೋಡೆಗಳ ಕೆಳಗೆ ತೀರಿಕೊಂಡರು. 52 ಹಳ್ಳಿಗಳನ್ನು ಹೊಸ ಜಾಗಗಳಲ್ಲಿ ಕಟ್ಟಬೇಕಾಯಿತು. ಜಮೀನಿನ ಅಳತೆಗೆ ತಕ್ಕಂತೆ 250, 400, 750 ಚದರ ಅಡಿಯ ಮನೆಗಳು ಹಂಚಿಕೆಯಾದವು. ಊರಿನ ಹೆಸರು ಅದೇ ಉಳಿಯಿತು, ಬದುಕುಳಿದ ಜನರೂ ಅವರೇ, ಆದರೆ ಓಣಿಯ ಕ್ರಮ ಬೇರೆಯಾಯಿತು. ಸರಕಾರ ಅದನ್ನು ‘ಪುನರ್ವಸನ’ ಎಂದಿತು. ಹಳೆಯ ನೆರೆಯವರನ್ನು ಹುಡುಕಿಕೊಂಡು ಹೊಸ ಊರಿನ ಆ ತುದಿಯವರೆಗೆ ನಡೆದುಹೋಗುತ್ತಿದ್ದ ಮುದುಕಿಯರಿಗೆ ಅದು ಪಲ್ಲಟವೇ ಆಗಿತ್ತು.

ಈ ಎಲ್ಲ ಮಾತು ನಮಗೆ ಏಕೆ ಮುಖ್ಯ? ನಮ್ಮ ಸೀಮೆಯಲ್ಲಿ ಕನ್ನಡ ‘ಹೋಯಿತು’ ಎಂದು ಹಿರಿಯರು ನಿಟ್ಟುಸಿರುಬಿಡುವುದನ್ನು ಕೇಳುತ್ತೇವೆ. ಹೋಗಿದೆಯೋ, ಪಲ್ಲಟವಾಗಿದೆಯೋ ಎಂಬುದು ಪ್ರಶ್ನೆ. ಹೋದದ್ದು ಮರಳಿ ಬಾರದು; ಪಲ್ಲಟವಾದದ್ದನ್ನು ಮತ್ತೆ ಅದರ ಸ್ಥಾನದಲ್ಲಿ ಇಡಬಹುದು. ಕಳೆದ ಯುಗಾದಿಗೆ ಪುಣೆಯಲ್ಲಿರುವ ನಮ್ಮ ಮೊಮ್ಮಗಳು ಮೊಬೈಲಿನಲ್ಲಿ ಸಂದೇಶ ಕಳುಹಿಸಿದಳು: “ಮುತ್ಯಾ, ಆರಾಮ ಇದ್ದಿ? ಉಂಡಿ?” ಮಾತು ಅಪ್ಪಟ ನಮ್ಮ ಮನೆಯ ಕನ್ನಡ, ಅಕ್ಷರ ಮಾತ್ರ ಮರಾಠಿಯದು. ಓದಿ ನಮ್ಮ ಕಣ್ಣು ತುಂಬಿತು. ಕನ್ನಡ ಹೋಗಿಲ್ಲ, ಒಂದು ಲಿಪಿಯ ಮನೆಯಿಂದ ಇನ್ನೊಂದಕ್ಕೆ ಹೋಗಿ ಕುಳಿತಿದೆ ಎಂದುಕೊಂಡೆವು.

ಆದರೆ ಮರುಸಂದೇಶದಲ್ಲಿ ಅವಳು, ಅಜ್ಜಿಯ ಕೈಗೆ ಫೋನ್ ಕೊಡು ಎಂದು ಬರೆದದ್ದು ಆ ಲಿಪಿಯಲ್ಲಿ ‘ಕೋಡು’ ಆಗಿತ್ತು. ಮರಾಠಿ ಬರವಣಿಗೆಯಲ್ಲಿ ಒಕಾರ ಓಕಾರಗಳಿಗೆ, ಎಕಾರ ಏಕಾರಗಳಿಗೆ ಬೇರೆ ಬೇರೆ ಗುರುತಿಲ್ಲ. ಕೊಡುವ ಮಾತು ಕೊಂಬಿನ ಮಾತಾಯಿತು. ನಾವು ನಕ್ಕೆವು, ಆಮೇಲೆ ಯೋಚಿಸಿದೆವು. ಒಂದು ಅಕ್ಷರ ಸ್ಥಾನ ಬದಲಿಸಿದರೆ ಪದ ಉಳಿಯುತ್ತದೆ, ಎಲ್ಲವೂ ಬದಲಿಸಿದರೆ ಯಾವ ಪದವೆಂದು ಗುರುತಿಸುವವರು ಇರುವುದಿಲ್ಲ. ಪಲ್ಲಟಕ್ಕೂ ಒಂದು ಮೇರೆಯಿದೆ. ಆ ಮೇರೆಯನ್ನು ಕಾಯುವವರು ಶಾಲೆಯವರೂ ಸರಕಾರದವರೂ ಮಾತ್ರವಲ್ಲ, ಮನೆಯವರು.

ಆದುದರಿಂದ ಸಂಘದ ಸದಸ್ಯರಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ನಮ್ಮ ವಿನಂತಿ ಇಷ್ಟೇ. ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯಲಿ. ಅದು ನಮಗೆ ಅನ್ನ ಕೊಡುವ ನೆರೆಯ ನುಡಿ, ಪಲ್ಲಟ ಪಾಲಟಗಳಂತೆ ನಮ್ಮೊಡನೆ ರಕ್ತಸಂಬಂಧವಿರುವ ನುಡಿ. ಅದರ ಜೊತೆಗೆ ವಾರಕ್ಕೊಂದು ಗಂಟೆ ಕನ್ನಡದ ಅಕ್ಷರಗಳನ್ನು ಬರೆಯಿಸಿರಿ. ನಾವು ಆ ಮೊಮ್ಮಗಳಿಗೆ ಒಂದು ಕಾಪಿಯ ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಿದ್ದೇವೆ. ಮೊದಲ ಪುಟದ ಮೇಲ್ಗಡೆ ‘ಕೊಡು’ ಎಂದೂ ಅದರ ಕೆಳಗೆ ‘ಕೋಡು’ ಎಂದೂ ಬರೆದಿದ್ದೇವೆ. ಹತ್ತು ಸಾಲು ತಿದ್ದಿ ಕಳುಹಿಸುವೆನೆಂದು ಅವಳು ಹೇಳಿದ್ದಾಳೆ. ಅದರ ದಾರಿ ನೋಡುತ್ತಿದ್ದೇವೆ.