ಸರಿದ ಕಲ್ಲಿನ ಗುರುತು

ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ ಜಲಪಾತಕ್ಕೆ ಬಂದವರೆಲ್ಲ ನೀರು ನೋಡಿ ಹೋಗುತ್ತಾರೆ. ನನಗೆ ಇಷ್ಟ ಬೇಸಿಗೆ. ಕಾವೇರಿ ಸೊರಗಿದಾಗ ಬಂಡೆ ಮೈದೋರುತ್ತದೆ. ಈ ಸೀಮೆಯ ನೈಸ್ ಶಿಲೆ 250 ಕೋಟಿ ವರ್ಷಕ್ಕೂ ಹಳೆಯದು. ಕಪ್ಪು ಬಿಳಿ ಪಟ್ಟೆ, ನಡುವೆ ಅಲ್ಲಲ್ಲಿ ಬೆಣಚುಕಲ್ಲಿನ ಎಳೆ.

ಇಂಥ ಕಲ್ಲಿನಲ್ಲಿ ಸ್ತರಭಂಗ, ಅಂದರೆ ನೆಲ ಸರಿದ ಬಿರುಕು, ಹುಡುಕಲು ಆ ಎಳೆಯೇ ಆಧಾರ. ಅದರ ಮೇಲೆ ಬೆರಳಿಟ್ಟು ಸಾಗಿ. ಬಿರುಕು ದಾಟಿದ ಮೇಲೂ ನೇರ ಮುಂದುವರಿದರೆ ಅದು ಬರೀ ಸೀಳು. ಎಳೆ ಅಲ್ಲೇ ತುಂಡಾಗಿ, ಗೇಣು ಪಕ್ಕಕ್ಕೆ ಮತ್ತೆ ಶುರುವಾಗಿದ್ದರೆ ನೆಲ ಅಲ್ಲಿ ಸರಿದಿದೆ. ಬಿರುಕಿನ ಒಳಮೈ ಎಷ್ಟೋ ಸಲ ಉಜ್ಜಿದಂತೆ ಹೊಳೆಯುತ್ತದೆ, ಗೀರುಗಳೆಲ್ಲ ಒಂದೇ ಕಡೆಗೆ. ಕಲ್ಲು ಜಾರಿದ್ದು ಆ ಗೀರುಗಳ ಗುಂಟವೇ. ಎಂಥ ಅಚ್ಚುಕಟ್ಟಾದ ಸಾಕ್ಷಿ!

ಹಿಮಾಲಯದ ಸ್ತರಭಂಗಗಳನ್ನು ಅಳೆದ ಭೂವಿಜ್ಞಾನಿ ಕೆ.ಎಸ್. ವಲ್ದಿಯಾ, ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿದ್ದಾಗ ಕಾವೇರಿ ಸೀಮೆಯನ್ನೂ ಸುತ್ತಿದರು. ಹೊಳೆ ಏಕಾಏಕಿ ತಿರುಗುವುದನ್ನು, ಮೇಲೆದ್ದ ನೆಲದ ಹಿಂದೆ ನೀರು ನಿಂತು ಮಣ್ಣು ಕೂಡಿದ್ದನ್ನು ಅವರು ಸ್ತರಭಂಗಗಳ ಚಲನೆಗೆ ಜೋಡಿಸಿ ತೋರಿಸಿದರು. ಅಂಗೈಯಗಲದ ಗುರುತಿನಿಂದ ಇಡೀ ನದಿಯ ನಡೆಯವರೆಗೆ ಹಬ್ಬುವ ಈ ನೋಟ ನನಗೆ ದೊಡ್ಡ ವಿದ್ಯೆಯಾಗಿ ಕಾಣುತ್ತದೆ.

ಹಾಗೆಂದು ಹಳೆಯ ಸ್ತರಭಂಗವೆಲ್ಲ ನಾಳೆ ಕಂಪಿಸುತ್ತದೆಂದು ಹೆದರಬೇಕಿಲ್ಲ. ಹೆಚ್ಚಿನವು ಯುಗಗಳ ಹಿಂದೆಯೇ ಸುಮ್ಮನಾಗಿವೆ. ನೋಡುವ ಆಸೆಗೆ ಹೊಳೆಗೆ ಮಾತ್ರ ಇಳಿಯಬೇಡಿ, ಮೇಲಿನಿಂದ ನೀರು ಯಾವಾಗ ಬಿಡುತ್ತಾರೋ ಹೇಳಲಾಗದು. ರಸ್ತೆಗೆಂದು ಕಡಿದ ದಿಣ್ಣೆಗಳಲ್ಲೂ ಹಳೆಯ ಕಲ್ಲು ಮೈ ತೆರೆದಿರುತ್ತದೆ.